ಅಪ್ಪ ಓದದ ಚೀಟಿ

‘ನೀ ಬೆಂಗಳೂರಾಗ ಏನ್ ಕೆಲಸ ಮಾಡ್ತಿ?’ ಎಂದು ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ, ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ನಿಜವಾಗಿ ನಾನು ಟೆಕ್ನಿಕಲ್ ರೈಟರ್. ಸಾಫ್ಟ್‌ವೇರನ್ನು ಹೇಗೆ ಬಳಸಬೇಕು, ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆಯುವುದೇ ನನ್ನ ಹೊಟ್ಟೆಪಾಡು. ಒಮ್ಮೆ ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದೆ. ‘ಅಂದ್ರ ಡಬ್ಬ್ಯಾಗ ಒಂದು ಚೀಟಿ ಇರ್ತೈತಲಾ, ಅದನ್ನ ಬರ್ಯಾಂವ ನೀನ. ಅದನ್ನ ಯಾರ್ ಓದ್ತಾರೋ?’ ಎಂದು ನಕ್ಕ. ನಾನೂ ನಕ್ಕೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಆ ನಗು ನಿಂತಿತು.

ಸೋಯಾಬೀನಿಗೆ ಹುಳ ಬಿದ್ದಿತ್ತು. ಅಪ್ಪ ನಡುಮಧ್ಯಾಹ್ನ ಪಂಪ್ ಬೆನ್ನಿಗೇರಿಸಿ ಎಣ್ಣಿ ಹೊಡೆಯಲು ಹೋದ. ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ, ಇಲ್ಲವೇ ‘ಔಷಧ’. ಸಂಜೆ ಹೊತ್ತಿಗೆ ವಾಂತಿ, ಮೈತುಂಬ ಬೆವರು, ಕಣ್ಣು ಮಂಜು. ತಮ್ಮ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ಡಾಕ್ಟರ್ ಕೇಳಿದ ಮೊದಲ ಮಾತು: ‘ಯಾವ ಎಣ್ಣಿ? ಡಬ್ಬಿ ತಂದೀರೇನು?’ ತಂದಿರಲಿಲ್ಲ. ತಮ್ಮ ಕತ್ತಲಲ್ಲಿ ಹೊಲಕ್ಕೆ ಓಡಿ ಹುಡುಕಿ ತಂದ. ನಾನು ರಾತ್ರಿ ಬಸ್ ಹಿಡಿದು ಬೆಳಗಿನ ಜಾವ ಕಿತ್ತೂರಿನಲ್ಲಿಳಿದು, ಅಲ್ಲಿಂದ ಸಿಕ್ಕ ಗಾಡಿ ಹತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪ ಎಚ್ಚರವಾಗಿದ್ದ. ಮೂರನೇ ದಿನ ಮನೆಗೆ ಬಂದ.

ಅವತ್ತು ಪಡಸಾಲೆಯಲ್ಲಿ ಕೂತು ಆ ಡಬ್ಬಿಯ ಜೊತೆ ಬಂದಿದ್ದ ಚೀಟಿ ಬಿಚ್ಚಿದೆ. ಮಡಿಕೆ ಸಹ ಮುರಿದಿರಲಿಲ್ಲ. ಇರುವೆ ಸಾಲಿನಂಥ ಅಕ್ಷರ. ಹಲವು ಭಾಷೆಗಳ ನಡುವೆ ಕನ್ನಡವೂ ಇತ್ತು. ಇರಬೇಕಾದ ಮಾತೆಲ್ಲ ಇತ್ತು. ಆದರೆ ಹೊಲದಲ್ಲಿ ನಿಂತವನಿಗೆ ಅದರಲ್ಲಿ ಒಂದೂ ದಕ್ಕುವಂತಿರಲಿಲ್ಲ.

ಪ್ರಮಾಣ ಕೊಟ್ಟಿದ್ದು ಹೆಕ್ಟೇರ್ ಲೆಕ್ಕದಲ್ಲಿ. ಅಪ್ಪನ ಲೆಕ್ಕ ಎಕರೆ, ಗುಂಟೆ ಮತ್ತು ಪಂಪಿನದು. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಉದಾಹರಣೆಗೆ, ಹೆಕ್ಟೇರಿಗೆ 500 ಲೀಟರ್ ನೀರಿನಲ್ಲಿ 500 ಎಂಎಲ್ ಎಂದಿದ್ದರೆ 16 ಲೀಟರ್ ಪಂಪಿಗೆ 16 ಎಂಎಲ್. ಈ ಭಾಗಾಕಾರವನ್ನು ಬಿಸಿಲಲ್ಲಿ ನಿಂತು ಯಾರು ಮಾಡುತ್ತಾರೆ? ‘ಪಂಪಿಗೆ ಎರಡು ಮುಚ್ಚಳ’ ಅಂತ ಅಪ್ಪ ಅಂದಾಜು ಮಾಡಿದ್ದ.

ಎರಡನೆಯದು ವಾಕ್ಯಗಳು. ‘ಗಾಳಿಗೆ ಅಭಿಮುಖವಾಗಿ ಅಥವಾ ತೀವ್ರ ಬಿಸಿಲಿರುವ ಸಮಯದಲ್ಲಿ ಸೂಕ್ತ ರಕ್ಷಣಾ ಉಡುಪು ಧರಿಸದೆ ಸಿಂಪರಣೆಯನ್ನು ಕೈಗೊಳ್ಳತಕ್ಕದ್ದಲ್ಲ’ ಎನ್ನುವ ಧಾಟಿ. ಇಂಗ್ಲಿಷಿನಲ್ಲಿ ‘ಡು ನಾಟ್’ ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ. ಕನ್ನಡದಲ್ಲಿ ‘ಬೇಡ’ ಎನ್ನುವುದು ಕಟ್ಟಕಡೆಗೆ ಬರುತ್ತದೆ. ಅರ್ಧ ಓದಿ ಬಿಟ್ಟವನಿಗೆ ಬೇಡ ಎಂದದ್ದು ಮಾಡು ಎಂದಂತೆ ಕಂಡರೂ ಕಂಡೀತು. ಇಷ್ಟು ವರ್ಷ ಸೂಚನೆ ಬರೆದೇ ಬದುಕಿದ ನನಗೆ ಇದು ಹೊಳೆದದ್ದು ಅವತ್ತೇ.

ನನ್ನ ಕಸುಬಿನಲ್ಲಿ ಇದಕ್ಕೆಲ್ಲ ನಿಯಮಗಳಿವೆ. ವಿಮಾನ ರಿಪೇರಿ ಮಾಡುವ, ಇಂಗ್ಲಿಷ್ ಮಾತೃಭಾಷೆಯಲ್ಲದ ಮೆಕ್ಯಾನಿಕ್‌ಗಳಿಗಾಗಿ ಯುರೋಪಿನ ವಿಮಾನೋದ್ಯಮ 1980ರ ದಶಕದಲ್ಲಿ ‘ಸಿಂಪ್ಲಿಫೈಡ್ ಇಂಗ್ಲಿಷ್’ ರೂಪಿಸಿತು. ಸೂಚನೆಯ ವಾಕ್ಯ 20 ಪದ ಮೀರಬಾರದು. ಒಂದು ವಾಕ್ಯಕ್ಕೆ ಒಂದೇ ಕೆಲಸ. ಎಚ್ಚರಿಕೆ ಮೊದಲು, ಕೆಲಸ ಆಮೇಲೆ. ಇದನ್ನೆಲ್ಲ ಆಫೀಸಿನಲ್ಲಿ ಹೊಸಬರಿಗೆ ಪಾಠ ಮಾಡುತ್ತೇನೆ. ಅಪ್ಪನ ಹೊಲದ ಡಬ್ಬಿಯನ್ನು ಮಾತ್ರ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ನಾನೇ ಒಂದು ಹಾಳೆ ಬರೆಯೋಣ ಎಂದು ಕೂತೆ. ಮೊದಲು ಎಐಗೆ ಕೊಟ್ಟೆ. ಚಿಟಿಕೆ ಹೊಡೆಯುವುದರೊಳಗೆ ತಪ್ಪಿಲ್ಲದ ಕನ್ನಡ ಬಂತು. ‘ದ್ರಾವಣವನ್ನು ದುರ್ಬಲಗೊಳಿಸಿ’ ಎಂದಿತ್ತು. ಅಪ್ಪನಿಗೆ ಓದಿ ಹೇಳಿದೆ. ‘ಯಾರನ್ನ ದುರ್ಬಲ ಮಾಡಬೇಕೋ?’ ಎಂದ. ಅದನ್ನು ಪಕ್ಕಕ್ಕಿಟ್ಟು ನಾನೇ ಬರೆದೆ. ಅದನ್ನೂ ಅಪ್ಪ ತಿದ್ದಿದ. ‘ಕೀಟನಾಶಕ’ ಹೋಗಿ ‘ಎಣ್ಣಿ’ ಆಯಿತು. ‘ಗಾಳಿಗೆ ಎದುರಾಗಿ ಸಿಂಪಡಿಸಬೇಡಿ’ ಎಂದದ್ದು ‘ಗಾಳಿ ಬೆನ್ನಿಗೆ ಇರ್ಲಿ’ ಆಯಿತು. ನೋಡಿ, ‘ಬೇಡ’ದ ತೊಡಕೇ ಇಲ್ಲ!

ಒಂದು ಕಡೆ ನಾನೂ ಹಟ ಹಿಡಿದೆ. ವಿಷವನ್ನು ಎಣ್ಣಿ, ಔಷಧ ಎಂದು ಕರೆದು ಕರೆದು ಅದರ ಭಯವೇ ಹೋಗಿದೆ. ಅದಕ್ಕೇ ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಈ ಎಣ್ಣಿ ವಿಷ ಐತಿ.’

ಅದರ ಕೆಳಗೆ ಬಣ್ಣದ ಗುರುತು. ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕವೊಂದು ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ಅಳತೆ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮಗಳಲ್ಲೇ ಇದಿದೆ. ಓದು ಬಾರದವರಿಗೂ ತಿಳಿಯುವ ಗುರುತು ಇದು. ಆದರೆ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ‘ಹಸರ ಇದ್ರ ಏನೂ ಆಗೂದಿಲ್ಲ, ಹೌದಲ್ಲ?’ ಎಂದು ಕೇಳಿದ. ಅಲ್ಲ. ಹಸಿರು ಎಂದರೂ ವಿಷವೇ, ಕಡಿಮೆ ಅಷ್ಟೇ. ಆ ಪ್ರಶ್ನೆಯಿಂದಾಗಿ ಹಾಳೆಗೆ ಇನ್ನೊಂದು ಸಾಲು ಸೇರಿತು. ಕೊನೆಯ ಸಾಲು ತಮ್ಮನದು: ‘ತ್ರಾಸ ಆತಂದ್ರ ಡಬ್ಬಿ ತಗೊಂಡ ದವಾಖಾನಿಗೆ ಹೋಗ್ರಿ.’

ಹಾಳೆ ಈಗ ಪಂಪ್ ಇಡುವ ಕೋಣೆಯ ಬಾಗಿಲ ಮೇಲಿದೆ. ಸವದತ್ತಿಯ ಸೋದರಮಾವ ವಾಟ್ಸ್ಆ್ಯಪಿನಲ್ಲಿ ತರಿಸಿಕೊಂಡ. ರಾಮದುರ್ಗದ ಚಿಗವ್ವನ ಮಗ ಎರಡು ಶಬ್ದ ಬದಲಿಸಿ ತಮ್ಮ ಓಣಿಯಲ್ಲಿ ಹಂಚಿದ್ದಾನೆ. ಎಂಟು ವರ್ಷದ ನೌಕರಿಯಲ್ಲಿ ನಾನು ಬರೆದದ್ದರ ಬಗ್ಗೆ ಯಾರಾದರೂ ಫೋನ್ ಮಾಡಿ ಸಂಶಯ ಕೇಳಿದ್ದು ಇದೇ ಮೊದಲು.

‘ಎಐ ಬಂದ ಮ್ಯಾಲೆ ನಿನ್ನ ಕೆಲಸ ಉಳಿತೈತೇನು?’ ಎಂದು ತಮ್ಮ ಕೇಳುತ್ತಿರುತ್ತಾನೆ. ಗೊತ್ತಿಲ್ಲ. ಆಫೀಸಿನಲ್ಲಿ ನಮಗೂ ಆ ಅಂಜಿಕೆ ಇದ್ದೇ ಇದೆ. ಆದರೆ ಬರೆದ ಹಾಳೆ ಹಿಡಿದು ಅಪ್ಪನ ಎದುರು ಕೂತು, ಎಲ್ಲಿ ಅವನ ಹುಬ್ಬು ಗಂಟಿಕ್ಕುತ್ತದೆ ಎಂದು ನೋಡುವುದೂ ಈ ಕೆಲಸದ ಭಾಗ ಎಂದು ಮೊದಲು ನನಗೇ ಗೊತ್ತಿರಲಿಲ್ಲ.

ಹಾಳೆಯಲ್ಲಿ ಬರೆದದ್ದನ್ನೆಲ್ಲ ಅಪ್ಪ ಪಾಲಿಸುತ್ತಾನೆ ಎಂದೇನಿಲ್ಲ. ನಡುಮಧ್ಯಾಹ್ನ ಹೋಗುವುದನ್ನು ಬಿಟ್ಟಿದ್ದಾನೆ, ಅಳತೆ ಲೋಟ ಇಟ್ಟುಕೊಂಡಿದ್ದಾನೆ. ಕೈಗವಸು ಮಾತ್ರ ಗೂಟಕ್ಕೆ ನೇತಾಡುತ್ತಿರುತ್ತದೆ. ‘ಸೆಕಿ ಆಕ್ಕೈತೋ’ ಎನ್ನುತ್ತಾನೆ. ಆ ಸಾಲನ್ನು ಇನ್ನೂ ತಿದ್ದಬೇಕು.

ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಬಣ್ಣ ನೋಡಿ. ಚೀಟಿ ಬಿಚ್ಚಿ, ಅಪ್ಪನಿಗೆ ಜೋರಾಗಿ ಓದಿ ಹೇಳಿ.