ಧನಸಿರಿಯ ತಡಿಯ ಬಿದಿರು

ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯಲ್ಲಿ, ಧನಸಿರಿ ನದಿಯ ಬಳಿ, ನುಮಲಿಗಢವೆಂಬ ಊರಿದೆ. ಸುತ್ತಲೂ ಚಹಾ ತೋಟ, ಬತ್ತದ ಬಯಲು, ಹಿತ್ತಿಲುಗಳಲ್ಲಿ ಬಿದಿರುಮೆಳೆ. ನಡುವೆ ತೈಲ ಶುದ್ಧೀಕರಣಾಗಾರದ ಚಿಮಣಿಗಳು. ಕಾಜಿರಂಗದ ಖಡ್ಗಮೃಗಗಳನ್ನು ನೋಡಹೋಗುವ ಪ್ರವಾಸಿ ಇಲ್ಲಿ ಇಳಿಯುವುದು ಅಪರೂಪ. ಆದರೆ 2025ರ ಸೆಪ್ಟೆಂಬರ್ 14ರಂದು ಇಲ್ಲಿ ಉದ್ಘಾಟನೆಗೊಂಡ ಹೊಸ ಕಾರ್ಖಾನೆಯೊಂದು ಅವನ ಅರೆಗಳಿಗೆಗೆ ಯೋಗ್ಯವಾದುದೇ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಮದ್ಯಸಾರವನ್ನು ಬಿದಿರಿನಿಂದ ತೆಗೆಯುವುದು ಅದರ ಕೆಲಸ.

ಬಿದಿರು ಮರವಲ್ಲ, ಹುಲ್ಲು. ಬಿದಿರಕ್ಕಿಯನ್ನು ಕಂಡ ನಮ್ಮ ಮಲೆನಾಡಿಗನಿಗೆ ಅದು ಬತ್ತದ ನಂಟನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶಾಸನಕ್ಕೆ ಮಾತ್ರ ಇದು ತಿಳಿಯಲು ತೊಂಬತ್ತು ವರ್ಷ ಹಿಡಿಯಿತು! 1927ರ ಅರಣ್ಯ ಕಾಯಿದೆ ಬಿದಿರನ್ನು ಮರವೆಂದೇ ಎಣಿಸಿತ್ತು. ತಾನೇ ಬೆಳೆಸಿದ ಗಳುವನ್ನು ಕಡಿದು ಸಾಗಿಸಲು ರೈತನಿಗೆ ಪರವಾನಗಿಯ ಕಾಟ. 2017ರ ತಿದ್ದುಪಡಿಯಿಂದ ಅರಣ್ಯದ ಹೊರಗಿನ ಬಿದಿರು ಆ ಕಟ್ಟಿನಿಂದ ಬಿಡುಗಡೆ ಹೊಂದಿತು.

ಕಬ್ಬನ್ನು ಗಾಣಕ್ಕಿಟ್ಟರೆ ಹಾಲು ಸುರಿಯುತ್ತದೆ. ಬಿದಿರಿನ ಸಕ್ಕರೆ ಅಷ್ಟು ಸುಲಭದಲ್ಲಿ ಕೈಗೆ ಬಾರದು. ಅದು ಸೆಲ್ಯುಲೋಸಿನ ಎಳೆಗಳಾಗಿ ಬಿಗಿದುಕೊಂಡು, ಲಿಗ್ನಿನ್ ಎಂಬ ಗಾರೆಯಲ್ಲಿ ಹುದುಗಿರುತ್ತದೆ. ಎಳೆಗಳನ್ನು ಸಕ್ಕರೆಯಾಗಿ ಒಡೆಯಬಲ್ಲ ಕಿಣ್ವಗಳು ಈ ಗಾರೆಯ ಮುಂದೆ ನಿರುಪಾಯವಾಗುತ್ತವೆ. ಆದುದರಿಂದ ಚೂರು ಮಾಡಿದ ಬಿದಿರನ್ನು ಮೊದಲು ಫಾರ್ಮಿಕ್ ಆಮ್ಲದ ದ್ರಾವಣದಲ್ಲಿ ಬೇಯಿಸುತ್ತಾರೆ. ವಿಧಾನ ಫಿನ್ಲೆಂಡಿನದು; ಆಮ್ಲವೇನೋ ನಮಗೆ ಹೊಸತಲ್ಲ, ಚಗಳಿ ಇರುವೆಯ ಮೈಯಲ್ಲಿರುವ ಹುಳಿಯೂ ಅದೇ. ಗಾರೆ ಕರಗಿ ಬೇರಾಗುತ್ತದೆ. ಆಮ್ಲವನ್ನು ಮರಳಿ ಪಡೆದು ಮತ್ತೆ ಬಳಸುತ್ತಾರೆ. ಫರ್ಫ್ಯೂರಲ್, ಅಸಿಟಿಕ್ ಆಮ್ಲಗಳು ಉಪೋತ್ಪನ್ನಗಳಾಗಿ ದೊರೆಯುತ್ತವೆ. ಉಳಿದ ಮೆತ್ತನೆಯ ತಿರುಳಿಗೆ ಕಿಣ್ವ, ಬಳಿಕ ಯೀಸ್ಟ್, ಕೊನೆಗೆ ಭಟ್ಟಿ.

ವರ್ಷಕ್ಕೆ 5 ಲಕ್ಷ ಟನ್ ಹಸಿ ಬಿದಿರು, ಅದರಿಂದ ಸುಮಾರು 49,000 ಟನ್ ಎಥನಾಲ್: ಇದು ಯೋಜನೆಯ ಲೆಕ್ಕ. ಎಂದರೆ ಒಂದು ಟನ್ನಿಗೆ ಹತ್ತು ಟನ್ ಬಿದಿರು! ಅರುಣಾಚಲ, ನಾಗಾಲ್ಯಾಂಡ್, ಮೇಘಾಲಯಗಳಿಂದಲೂ ಬಿದಿರು ಬರಬೇಕು. ಪೊಳ್ಳಾದ ಬಿದಿರು ಲಾರಿಯನ್ನು ಬೇಗ ತುಂಬುತ್ತದೆ, ತೂಕವನ್ನಲ್ಲ. ದಾರಿ ದೂರವಾದಷ್ಟೂ ಬೆಳೆಗಾರನ ಪಾಲನ್ನು ಬಾಡಿಗೆಯೇ ನುಂಗೀತು. ಹೊಸದಾಗಿ ನೆಟ್ಟ ಬಿದಿರು ಕಡಿತಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಬುಟ್ಟಿ ಹೆಣೆಯುವವರೂ ಗುಡಿಸಲು ಕಟ್ಟುವವರೂ ನಂಬಿರುವುದು ಇದೇ ಮೆಳೆಯನ್ನು. ಬಲಿತ ಗಳುಗಳನ್ನಷ್ಟೇ ಆಯ್ದು ಕಡಿದು ಕಳಲೆಯನ್ನು ಬಿಟ್ಟರೆ ಮೆಳೆ ಮುಂದಿನ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ. ಧನಸಿರಿಯ ತಡಿಯ ಹಳ್ಳಿಗರು ಇದುವರೆಗೆ ಕಡಿಯುತ್ತ ಬಂದಿರುವುದು ಹಾಗೆಯೇ.