ಕೆಂಪು ಬಂಡೆಗಳ ನಾಡಿನಲ್ಲಿ ಚಕ್ರದ ಪಾಠ

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಭಾಗದಲ್ಲಿ, ಕೊಲರಾಡೊ ನದಿಗೆ ಒತ್ತಿಕೊಂಡಂತೆ ಮೋವಾಬ್ ಎಂಬ ಪುಟ್ಟ ಊರಿದೆ. ಎತ್ತ ನೋಡಿದರೂ ಕೆಂಪು ಮರಳುಗಲ್ಲು. ಕಲ್ಲಿನ ಸಹಜ ಕಮಾನುಗಳಿಗೆ ಹೆಸರಾದ ಆರ್ಚಸ್ ರಾಷ್ಟ್ರೀಯ ಉದ್ಯಾನ ಊರಿನ ಉತ್ತರಕ್ಕೆ ಕೂಗಳತೆಯ ದೂರದಲ್ಲಿದೆ. ಇಳಿಬಿಸಿಲು ಬಿದ್ದಾಗ ಈ ಬಂಡೆಗಳು ಆಗ ತಾನೇ ಕುಲುಮೆಯಿಂದ ತೆಗೆದ ಕಬ್ಬಿಣದಂತೆ ಕೆಂಪೇರುತ್ತವೆ.

ಈ ಊರಿಗೆ ಜೀಪುಗಳ ನಂಟು ಅಂಟಿದ್ದು ಯುರೇನಿಯಂನಿಂದ. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ ಊರಿನ ಆಗ್ನೇಯಕ್ಕೆ ದೊಡ್ಡ ಯುರೇನಿಯಂ ನಿಕ್ಷೇಪವನ್ನು ಕಂಡುಹಿಡಿದ. ಸುದ್ದಿ ಹರಡಿದ್ದೇ ತಡ, ಅದೃಷ್ಟ ಅರಸುವವರು ಜೀಪು ಹತ್ತಿ ಬಂದರು. ಅವರು ಬಂಡೆಗಳ ನಡುವೆ ಮಾಡಿಕೊಂಡ ಹಲವು ದಾರಿಗಳಲ್ಲಿ ಇಂದು ಸಾಹಸಿಗಳು ವಾಹನ ಓಡಿಸುತ್ತಾರೆ. 1967ರಲ್ಲಿ ಸ್ಥಳೀಯ ವಾಣಿಜ್ಯ ಮಂಡಳಿ ಆರಂಭಿಸಿದ ‘ಈಸ್ಟರ್ ಜೀಪ್ ಸಫಾರಿ’ ಈಗ ದೂರದೂರುಗಳಿಂದ ಜನರನ್ನು ಸೆಳೆಯುವ ಜಾತ್ರೆ.

ಇಲ್ಲಿನ ಬಂಡೆಗೆ ‘ಸ್ಲಿಕ್‌ರಾಕ್’, ಅಂದರೆ ಜಾರುಬಂಡೆ ಎಂದು ಹೆಸರು. ಹಿಂದೆ ಕುದುರೆಗಳ ಲಾಳ ಇದರ ಮೇಲೆ ಜಾರುತ್ತಿತ್ತು. ಸೋಜಿಗವೆಂದರೆ, ರಬ್ಬರ್ ಟೈರು ಇದೇ ಕಲ್ಲನ್ನು ಉಡದಂತೆ ಕಚ್ಚಿ ಹಿಡಿಯುತ್ತದೆ! ಹಿಡಿತ ಇನ್ನೂ ಹೆಚ್ಚಲೆಂದು ಟೈರಿನ ಗಾಳಿಯನ್ನು ಅರ್ಧದಷ್ಟು ಇಳಿಸಿ, 35 ಅಂಗುಲ ಎತ್ತರದ ದೈತ್ಯ ಚಕ್ರಗಳ ಮೇಲೆ ಜನ ಆಮೆಯ ನಡಿಗೆಯಲ್ಲಿ ಬಂಡೆ ಏರುತ್ತಾರೆ.

ಕಷ್ಟ ಶುರುವಾಗುವುದು ಬಂಡೆ ಇಳಿದ ಮೇಲೆ. ಸಾಲ್ಟ್ ಲೇಕ್ ಸಿಟಿಗೆ ಹಿಂತಿರುಗುವವರ ಮುಂದೆ ಸುಮಾರು 375 ಕಿ.ಮೀ. ಹೆದ್ದಾರಿ ಇರುತ್ತದೆ. ಬಂಡೆಯ ಮೇಲೆ ಸಾಧುವಾಗಿದ್ದ ಚಕ್ರ ಅಲ್ಲಿ ಗಡಗಡ ನಡುಗತೊಡಗುತ್ತದೆ. ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಹೀಗೇಕೆ? ಒಂದು ಸಣ್ಣ ಲೆಕ್ಕ ಹಾಕೋಣ. ಇಂಥ ಟೈರಿನ ಹೊರ ಅಂಚಿನ ಒಂದೇ ಕಡೆ 100 ಗ್ರಾಂ ತೂಕ ಹೆಚ್ಚಾಗಿದೆ ಎನ್ನಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಆಗ ಆ 100 ಗ್ರಾಂ ಅಚ್ಚನ್ನು ಸುಮಾರು 18 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ ಹತ್ತು ಸಲ. ವೇಗ 30 ಕಿ.ಮೀ.ಗೆ ಇಳಿದರೆ ಎಳೆತ ಒಂದೂವರೆ ಕಿಲೋದಷ್ಟೇ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ನಿಮ್ಮ ಭೌತಶಾಸ್ತ್ರದ ಪುಸ್ತಕ ಹೇಳುತ್ತದಲ್ಲ, ಅದೇ ಇದು. ದೋಷ ಬಂಡೆಯ ಮೇಲೂ ಇತ್ತು; ಅದನ್ನು ಬಯಲಿಗೆ ಎಳೆದದ್ದು ವೇಗ.

ಸಣ್ಣ ಅಂಗಡಿಗಳ ಎಷ್ಟೋ ಬ್ಯಾಲೆನ್ಸಿಂಗ್ ಯಂತ್ರಗಳಲ್ಲಿ ಇಷ್ಟು ದೊಡ್ಡ ಚಕ್ರ ಹಿಡಿಸುವುದಿಲ್ಲ. ಆದ್ದರಿಂದ ಈ ಹವ್ಯಾಸದವರಲ್ಲಿ ಹಲವರು ಕೆಲಸವನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ.

ಮೊದಲ ಮದ್ದು ಬಕೆಟ್ ನೀರು ಮತ್ತು ಬ್ರಷ್! ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದ ಕೆಸರನ್ನು ಕೆರೆದರೆ ಎಷ್ಟೋ ನಡುಕ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ತೂಕದ ಕೆಲಸ. ಹಳೆಯ ಟ್ರೇಲರಿನ ಹಬ್ಬನ್ನು ಗಟ್ಟಿಯಾದ ಕಂಬಕ್ಕೆ ಬಿಗಿದು, ಅದರ ಬೇರಿಂಗಿನ ದಪ್ಪ ಗ್ರೀಸ್ ಒರೆಸಿ ತೆಳು ಎಣ್ಣೆ ಬಿಡುತ್ತಾರೆ. ಚಕ್ರವನ್ನು ಅದಕ್ಕೆ ಜೋಡಿಸಿ ಸುಮ್ಮನೆ ಕೈಬಿಡುತ್ತಾರೆ. ಭಾರದ ಬದಿ ತೂಗಿ ತೂಗಿ ಕೆಳಗೆ ಬಂದು ನಿಲ್ಲುತ್ತದೆ. ನೇರ ಮೇಲಿನ ಬಿಂದುವಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ರಿಮ್ಮಿಗೆ ಅಂಟುವ ತೂಕಗಳನ್ನು ಒಂದೊಂದಾಗಿ ಹಚ್ಚುತ್ತಾರೆ. ಚಕ್ರವನ್ನು ಯಾವ ಕೋನದಲ್ಲಿ ಬಿಟ್ಟರೂ ಅದು ಬಿಟ್ಟಲ್ಲೇ ನಿಂತರೆ ಕೆಲಸ ಮುಗಿಯಿತು. ಗುರುತ್ವಾಕರ್ಷಣೆಗೆ ಸಂಬಳ ಕೊಡಬೇಕಿಲ್ಲ, ಬೇಕಾದದ್ದು ತಾಳ್ಮೆ.

ತಕ್ಕಡಿಯ ನಿಯಮ ಇಲ್ಲೂ ಉಂಟು. ಟೈರಿನ ಅಂಚು ಕೇಂದ್ರದಿಂದ 44 ಸೆಂ.ಮೀ. ದೂರವಿದ್ದರೆ, 17 ಅಂಗುಲದ ರಿಮ್ಮಿನ ಅಂಚು ಸುಮಾರು 22 ಸೆಂ.ಮೀ. ದೂರದಲ್ಲಿದೆ. ಆದ್ದರಿಂದ ಅಂಚಿನ 100 ಗ್ರಾಂ ಸರಿದೂಗಿಸಲು ರಿಮ್ಮಿಗೆ 200 ಗ್ರಾಂ ಬೇಕು. ಹಿಂದೆ ಈ ತೂಕಗಳು ಸೀಸದವು. ರಸ್ತೆಗೆ ಉದುರಿದ ಸೀಸ ಮಣ್ಣು, ನೀರು ಸೇರುತ್ತದೆಂದು ಕ್ಯಾಲಿಫೋರ್ನಿಯಾ 2010ರಿಂದ ಅವನ್ನು ನಿಷೇಧಿಸಿದೆ. ಉಕ್ಕು, ಸತುವಿನ ತೂಕಗಳು ಸಿಗುತ್ತವೆ.

ಇನ್ನೊಂದು ಉಪಾಯ ಇನ್ನೂ ಸ್ವಾರಸ್ಯದ್ದು. ಆಟಿಕೆ ಬಂದೂಕಿನ ಪ್ಲಾಸ್ಟಿಕ್ ಗುಂಡುಗಳನ್ನೋ ಸೆರಾಮಿಕ್ ಮಣಿಗಳನ್ನೋ ಟೈರಿನೊಳಗೆ ಸುರಿಯುವುದು. ಸ್ಪ್ರಿಂಗಿನ ಮೇಲೆ ಕುಳಿತ ಚಕ್ರ ಜೋರಾಗಿ ತಿರುಗುವಾಗ ಅಚ್ಚಿನ ಬದಲು ತನ್ನ ಗುರುತ್ವಕೇಂದ್ರದ ಸುತ್ತ ತಿರುಗಲು ಹವಣಿಸುತ್ತದೆ. ಆಗ ಹಗುರ ಬದಿಯೇ ಕೇಂದ್ರದಿಂದ ಹೆಚ್ಚು ದೂರ ಸರಿಯುತ್ತದೆ. ಮಣಿಗಳು ಅತ್ತ ಜಾರಿ ಕೊರತೆ ತುಂಬುತ್ತವೆ. ಆದರೆ ವೇಗ ಬಂದ ಮೇಲಷ್ಟೇ ಇದು ನಡೆಯುವುದು. ಒಳಗೆ ತೇವ ಇದ್ದರೆ ಮಣಿಗಳು ಮುದ್ದೆಗಟ್ಟಿ ಉಪಾಯವೇ ಅಪಾಯವಾಗುತ್ತದೆ. ಇದನ್ನು ಮೆಚ್ಚುವವರಷ್ಟೇ ತಳ್ಳಿಹಾಕುವವರೂ ಇದ್ದಾರೆ.

ಮನೆಯ ಮದ್ದಿಗೂ ಮಿತಿ ಇದೆ. ಹಬ್ಬಿನ ಪರೀಕ್ಷೆ ಸ್ಥಿರ ಅಸಮತೋಲವನ್ನು ಮಾತ್ರ ತೋರಿಸುತ್ತದೆ. ಅಗಲವಾದ ಟೈರಿನಲ್ಲಿ ಒಳಬದಿಯ ಭಾರ ಒಂದು ಕಡೆ, ಹೊರಬದಿಯ ಭಾರ ಅದರ ಎದುರು ಕಡೆ ಇದ್ದರೆ ನಿಂತ ಚಕ್ರ ಮೌನವಾಗಿರುತ್ತದೆ. ಓಡುವಾಗ ಅಡ್ಡಡ್ಡ ಅಲುಗುತ್ತದೆ. ಇದನ್ನು ತಿರುಗಿಸಿ ಅಳೆಯುವ ದೊಡ್ಡ ಯಂತ್ರವೇ ಹಿಡಿಯಬೇಕು. ಬಾಗಿದ ರಿಮ್ಮು, ಸಡಿಲವಾದ ಸ್ಟಿಯರಿಂಗ್ ಕೀಲುಗಳಿಗೆ ಯಾವ ತೂಕವೂ ಮದ್ದಲ್ಲ. ಅಲ್ಲಿಗೆ ಮೆಕ್ಯಾನಿಕ್ಕೇ ಬೇಕು. ಮಕ್ಕಳು ಈ ಭಾರಿ ಚಕ್ರಗಳ, ಜ್ಯಾಕ್ ಏರಿಸಿದ ವಾಹನಗಳ ಬಳಿ ಒಂಟಿಯಾಗಿ ಸುಳಿಯಲೇಬಾರದು.

ಇದೇ ಪಾಠವನ್ನು ಮನೆಯ ಸೈಕಲ್ಲಿನಲ್ಲಿ ನೋಡಬಹುದು. ಹೆತ್ತವರೊಂದಿಗೆ ಕೂತು ಸೈಕಲ್ ತಲೆಕೆಳಗು ಮಾಡಿ, ಮುಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಬೇರಿಂಗ್ ಹಗುರವಾಗಿದ್ದರೆ ಅದು ಕೊನೆಗೆ ಅತ್ತಿತ್ತ ತೂಗಿ, ವಾಲ್ವ್ ಅಥವಾ ಪ್ರತಿಫಲಕ ಇರುವ ಭಾರದ ಬದಿಯನ್ನು ಕೆಳಗೆ ತಂದು ನಿಲ್ಲುತ್ತದೆ. ಎದುರು ಬದಿಯ ಕಡ್ಡಿಗೆ ಸ್ವಲ್ಪ ತಂತಿ ಸುತ್ತಿ ಮತ್ತೆ ಬಿಡಿ. ಎಷ್ಟು ಸುತ್ತಿದರೆ ಚಕ್ರ ಬಿಟ್ಟಲ್ಲೇ ನಿಲ್ಲುತ್ತದೆಂದು ಬರೆದಿಡಿ. ಪರೀಕ್ಷೆ ಮುಗಿದ ಮೇಲೆ ತಂತಿ ಬಿಚ್ಚುವುದನ್ನು ಮಾತ್ರ ಮರೆಯಬೇಡಿ!