ಹುಡುಗಿಯರ ಕಾಯಿಲೆ

ನಮ್ಮ ಕಡೆ ಕಾಯಿಲೆಗಳಲ್ಲೂ ಗಂಡು, ಹೆಣ್ಣು ಎಂಬ ಭೇದವಿದೆ. ಎದೆನೋವು, ಬಿ.ಪಿ., ಕಿಡ್ನಿ ಕಲ್ಲು ಇವು ಮನೆಯ ಯಜಮಾನರಿಗೆ ಬರುವಂಥವು. ಬಂದಾಗ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಸೊಂಟನೋವು, ತಲೆಶೂಲೆ, ಥೈರಾಯ್ಡು, ರಕ್ತ ಕಡಿಮೆ ಎಂಬುವು ನಮ್ಮವು. ಅವು ಬಂದಾಗ ನಾವೇ ಎದ್ದು ಒಂದು ಲೋಟ ಬಿಸಿನೀರು ಕುಡಿದು ಮಲಗುತ್ತೇವೆ. ಇದನ್ನು ಹೇಳಿಕೊಂಡು ನಾವು ಅಕ್ಕತಂಗಿಯರು ಎಷ್ಟೋ ಸಲ ನಕ್ಕಿದ್ದೇವೆ. ತಂಗಿಯ ಮಗನಿಗೆ ‘ಹುಡುಗಿಯರ ಕಾಯಿಲೆ’ ಬಂದ ಮೇಲೆ ಆ ನಗು ನಿಂತಿತು.

ಅವರಿರುವುದು ಸಕಲೇಶಪುರದಲ್ಲಿ. ಹುಡುಗನಿಗೆ ಆಗ 11 ವರ್ಷ. ಧನುರ್ಮಾಸದ ಚಳಿಯಲ್ಲಿ ಬೆಳಿಗ್ಗೆ ಶಾಲೆಗೆ ಹೊರಟರೆ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ, ಬಿಸಿಲಿಗೆ ಬಂದರೆ ಕೆಂಪು. ಚಳಿಗೆ ಯಾರಿಗಾದರೂ ಆಗುವುದೇ ಎಂದರು. ಮಳೆಗಾಲದ ಹೊತ್ತಿಗೆ ಬೆರಳಿನ ಚರ್ಮ ಬಿಗಿದುಕೊಂಡು ಹೊಳೆಯತೊಡಗಿತು. ಅಕ್ಷರ ಕೆಟ್ಟಿತೆಂದು ಮೇಷ್ಟ್ರು ಬೈದರು. ಕೋಡುಬಳೆ ಎಂದರೆ ಪ್ರಾಣ ಬಿಡುವ ಹುಡುಗ, ಬಾಯಿ ಅಗಲಿಸಲಾಗದೆ ಅದನ್ನು ಚೂರು ಚೂರು ಮಾಡಿಕೊಂಡು ತಿನ್ನುತ್ತಿದ್ದ. ಗೌರಿಹಬ್ಬಕ್ಕೆ ಹೋಗಿದ್ದಾಗ ಅವನ ಕೈ ಹಿಡಿದು ಮೇಲ್ಚರ್ಮವನ್ನು ಮೆಲ್ಲಗೆ ಚಿವುಟಿ ನೋಡಿದೆ. ನನ್ನ ಎರಡು ಬೆರಳ ನಡುವೆ ಅದು ಸಿಕ್ಕಲೇ ಇಲ್ಲ.

ತೋರಿಸಿದ್ದೂ ಆಯಿತು. ಒಬ್ಬ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಇನ್ನೊಬ್ಬರಿಗೆ ಸರಿಯಾದ ಹೆಸರು ಹೊಳೆದಿತ್ತು, ಸ್ಕ್ಲೀರೋಡರ್ಮ ಎಂದು. ಆದರೆ ಹೊಳೆದದ್ದನ್ನು ಅವರೇ ತಳ್ಳಿಹಾಕಿದರು. “ಅದು ಹೆಣ್ಣುಮಕ್ಕಳಲ್ಲಿ ಬರೋದಮ್ಮ, ಅದೂ ಬಲು ಅಪರೂಪ. ಗಂಡುಹುಡುಗ, ಬೆಳೆಯೋ ವಯಸ್ಸು, ಸರಿಹೋಗ್ತಾನೆ.” ಆ ಒಂದು ಮಾತಿಗೆ ಎಂಟು ತಿಂಗಳು ಹೋಯಿತು.

ಹೆಸರಿನ ಅರ್ಥ ಸರಳ. ಗ್ರೀಕ್ ಭಾಷೆಯಲ್ಲಿ ‘ಸ್ಕ್ಲೀರೋಸ್’ ಎಂದರೆ ಗಟ್ಟಿ, ‘ಡರ್ಮ’ ಎಂದರೆ ಚರ್ಮ. ಹೊರಗಿನ ರೋಗಾಣುವಿನ ಮೇಲೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೆಯೇ ತಿರುಗಿ ಬೀಳುತ್ತದೆ; ಅಂಗಾಂಗಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿದಿರುವ ಅಂಗಾಂಶ ಗಾಯ ಮಾಗಿದ ಕಲೆಯಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಚರ್ಮದಲ್ಲಿ ಅಲ್ಲಲ್ಲಿ ಮಚ್ಚೆಯಾಗಿ ನಿಲ್ಲುವ ಬಗೆಯೊಂದಿದೆ, ಮಕ್ಕಳಲ್ಲಿ ಹೆಚ್ಚು ಕಾಣುವುದು ಅದೇ. ನಮ್ಮ ಹುಡುಗನಿಗೆ ಬಂದದ್ದು ಇನ್ನೊಂದು ಬಗೆ, ಚರ್ಮದ ಜೊತೆಗೆ ಅನ್ನನಾಳ, ಶ್ವಾಸಕೋಶ, ಹೃದಯದವರೆಗೂ ಕೈ ಚಾಚುವಂಥದು. ಹತ್ತು ಲಕ್ಷ ಮಕ್ಕಳಿದ್ದರೆ ವರ್ಷಕ್ಕೆ ಒಬ್ಬರಿಗೂ ಬರುವುದಿಲ್ಲವಂತೆ. ವಿವರವಾಗಿ ಬರೆದಿಟ್ಟ ಹಳೆಯ ರೋಗಿಗಳಲ್ಲಿ ಒಬ್ಬಳು 17 ವರ್ಷದ ಹುಡುಗಿ. 1753ರಲ್ಲಿ ನೇಪಲ್ಸ್ ನಗರದ ಕಾರ್ಲೋ ಕುರ್ಜಿಯೋ ಎಂಬ ವೈದ್ಯ ಅವಳ ಮೈ ಮರದಂತೆ ಬಿಗಿದದ್ದನ್ನು ಬರೆದು ಪ್ರಕಟಿಸಿದ. ಬೆರಳು ಬೆಳ್ಳಗಾಗುವುದನ್ನು 1862ರಲ್ಲಿ ಪ್ಯಾರಿಸ್ಸಿನ ಮಾರಿಸ್ ರೇನೋ ವಿವರಿಸಿದ. ಅದಕ್ಕೆ ಇಂದಿಗೂ ಅವನದೇ ಹೆಸರು.

ಕೊನೆಗೆ ಬೆಂಗಳೂರಿಗೆ ಬಂದೆವು. ಮಕ್ಕಳ ಕೀಲುವಾತ ತಜ್ಞೆ ಹುಡುಗನ ಉಗುರಿನ ಬುಡವನ್ನು ಭೂತಗನ್ನಡಿಯಂಥದರಲ್ಲಿ ನೋಡಿದರು. ಅಲ್ಲಿಯ ಸಣ್ಣ ರಕ್ತನಾಳಗಳು ಊದಿಕೊಂಡು ಕೆಲವು ಮಾಯವಾಗಿರುತ್ತವಂತೆ. ರಕ್ತಪರೀಕ್ಷೆ, ಎದೆಯ ಸಿ.ಟಿ., ಎಕೋ, ಊದುವ ಪರೀಕ್ಷೆ ಎಲ್ಲ ಮುಗಿದ ಮೇಲೆ ಹುಡುಗನೇ ಕೇಳಿದ, “ಮೇಡಂ, ಇದು ಹುಡುಗೀರ ಕಾಯಿಲೆನಾ?” ಅವನಿಗೆ ಕಾಯಿಲೆಗಿಂತ ಆ ಹೆಸರೇ ಹೆಚ್ಚು ಚುಚ್ಚಿತ್ತು.

ಆಕೆ ನಗಲಿಲ್ಲ. “ನಿಮ್ಮನೇಲಿ ಬೆಕ್ಕಿದೆಯಾ?” ಎಂದರು.

ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಇರುವ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ. ಮೈಯ ಕಿತ್ತಳೆ ಬಣ್ಣವನ್ನು ನಿರ್ಧರಿಸುವ ಅಂಶ ‘ಎಕ್ಸ್’ ಎಂಬ ವರ್ಣತಂತುವಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಹೆಣ್ಣಿಗೆ ಎರಡು. ಎರಡೂ ಕೆಲಸ ಮಾಡಿದರೆ ಅತಿಯಾಗುತ್ತದೆಂದು ಹೆಣ್ಣಿನ ಒಂದೊಂದು ಜೀವಕೋಶವೂ ಒಂದು ಎಕ್ಸನ್ನು ಮುಚ್ಚಿಬಿಡುತ್ತದೆ. ಒಂದು ಕಡೆ ಇದು, ಇನ್ನೊಂದು ಕಡೆ ಅದು ಮುಚ್ಚಿದ್ದರಿಂದ ಬೆಕ್ಕಿನ ಮೈಮೇಲೆ ತೇಪೆ ತೇಪೆ ಬಣ್ಣ. ಈ ಗುಟ್ಟನ್ನು 1961ರಲ್ಲಿ ಇಲಿಗಳ ಮೈಬಣ್ಣದಿಂದ ಊಹಿಸಿದ್ದು ಇಂಗ್ಲೆಂಡಿನ ಮೇರಿ ಲಯನ್, ಒಬ್ಬ ಹೆಂಗಸು. ಆದರೆ ಮುಚ್ಚಿದ ಬಾಗಿಲಿಗೂ ಸಂದಿ ಇರುತ್ತದಲ್ಲ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕೆಲವು ವಂಶವಾಹಿಗಳು ಆ ಸಂದಿಯಲ್ಲಿ ನುಸುಳಿ ಎರಡು ಪಾಲು ಕೆಲಸ ಮಾಡುತ್ತವೆ. ಬಾಗಿಲು ಮುಚ್ಚುವ ‘ಎಕ್ಸಿಸ್ಟ್’ ಎಂಬ ಅಣುವೂ ತಂಟೆ ಮಾಡಬಹುದೆಂದು 2024ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಜ್ಞಾನಿಗಳು ತೋರಿಸಿದರು. ಗಂಡು ಇಲಿಗಳಲ್ಲಿ ಆ ಅಣು ಹುಟ್ಟುವಂತೆ ಮಾಡಿದಾಗ ಅವಕ್ಕೂ ಲೂಪಸ್‌ನಂಥ ಕಾಯಿಲೆ ಹೆಚ್ಚಾಯಿತು.

ಮೈನೆರೆದ ಮೇಲೆ ಬರುವ ಹಾರ್ಮೋನುಗಳ ಪಾತ್ರವೂ ಇದೆ. ಲೂಪಸ್ ಕಾಯಿಲೆಯಲ್ಲಿ ಹರೆಯದ ಮೊದಲು ಒಬ್ಬ ಹುಡುಗನಿಗೆ ಮೂರು-ನಾಲ್ಕು ಹುಡುಗಿಯರು, ದೊಡ್ಡವರಲ್ಲಿ ಒಬ್ಬ ಗಂಡಸಿಗೆ ಒಂಬತ್ತು ಹೆಂಗಸರು. ಮಕ್ಕಳ ಸ್ಕ್ಲೀರೋಡರ್ಮದಲ್ಲೂ ಒಬ್ಬ ಹುಡುಗನಿಗೆ ಹೆಚ್ಚುಕಡಿಮೆ ನಾಲ್ವರು ಹುಡುಗಿಯರು. ಅಂದರೆ ಹಾರ್ಮೋನು ಬರುವ ಮೊದಲೇ ತಕ್ಕಡಿ ನಮ್ಮ ಕಡೆ ವಾಲಿದೆ.

“ನಾಲ್ಕಕ್ಕೆ ಒಬ್ಬ ನೀನು, ಅಷ್ಟೆ” ಎಂದು ಹುಡುಗನಿಗೆ ಹೇಳಿ ಹೊರಗೆ ಕಳಿಸಿದ ಮೇಲೆ ಡಾಕ್ಟರು ತಂಗಿಗೂ ನನಗೂ ಹೇಳಿದ್ದು ಬೇರೆ. ಈ ಕಾಯಿಲೆ ಹುಡುಗರಿಗೆ ಬರುವುದು ಕಡಿಮೆ. ಬಂದರೆ ಭಾರವಾಗಿ ಬರುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಿಂದ ನಡೆಯುವ, ಹಲವು ದೇಶಗಳ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ತಂಡಕ್ಕೂ ಇದೇ ಕಂಡಿದೆ. ಹುಡುಗರಲ್ಲಿ ಹೃದಯದ ತೊಂದರೆ ಹೆಚ್ಚು. ಆದ್ದರಿಂದ ಕೆಮ್ಮು, ದಮ್ಮು ಏನೂ ಇಲ್ಲದಿದ್ದರೂ ಎಕೋ ತಪ್ಪಿಸಬಾರದು. ಕೇಳುತ್ತಾ ನಾನು ಎಂಟು ತಿಂಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ.

ಮನೆಯಲ್ಲಿ ನಡೆದದ್ದು ಇನ್ನೊಂದು ಪಂಚಾಯಿತಿ. ತಂಗಿಯ ಅತ್ತೆ, “ನಮ್ಮ ವಂಶದಲ್ಲಿ ಇಂಥದ್ದು ಕೇಳಿಲ್ಲಮ್ಮ” ಎಂದರು. ಹೆಂಗಸರ ಕಾಯಿಲೆಯೆಂದ ಮೇಲೆ ಅದು ಹೆಂಗಸಿನಿಂದಲೇ ಬಂದಿರಬೇಕಲ್ಲ! ಅದರ ಮೇಲೆ ತಂಗಿ ಎಲ್ಲೋ ಓದಿದಳು: ಬಸಿರಿನಲ್ಲಿ ತಾಯಿಯ ಕೆಲವು ಜೀವಕೋಶಗಳು ಮಗುವಿನ ಮೈಗೂ, ಮಗುವಿನವು ತಾಯಿಯ ಮೈಗೂ ದಾಟಿ ಹೋಗುತ್ತವೆ, ವರ್ಷಾನುಗಟ್ಟಲೆ ಅಲ್ಲೇ ಉಳಿಯುತ್ತವೆ ಎಂದು. ಸುಳ್ಳಲ್ಲ. 1998ರಲ್ಲಿ ಸಿಯಾಟಲ್‌ನ ಲೀ ನೆಲ್ಸನ್ ಎಂಬಾಕೆಯ ತಂಡ, ಗಂಡುಮಗುವನ್ನು ಹೆತ್ತು ಎಷ್ಟೋ ವರ್ಷವಾದ, ಸ್ಕ್ಲೀರೋಡರ್ಮ ಇರುವ ಹೆಂಗಸರ ರಕ್ತದಲ್ಲಿ ಗಂಡು ಜೀವಕೋಶಗಳ ಗುರುತನ್ನು ಆರೋಗ್ಯವಂತರಿಗಿಂತ ಹೆಚ್ಚಾಗಿ ಕಂಡಿತು. ತಂಗಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಮುಂದಿನ ಭೇಟಿಯಲ್ಲಿ ಅತ್ತೆಯನ್ನೂ ಕೂರಿಸಿಕೊಂಡೇ ಕೇಳಿದಳು. ಡಾಕ್ಟರು, “ಆರೋಗ್ಯವಾಗಿರೋ ಮಕ್ಕಳ ಮೈಯಲ್ಲೂ ಅಮ್ಮನ ಜೀವಕೋಶ ಇರುತ್ತೆ. ಅದರಿಂದಲೇ ಕಾಯಿಲೆ ಬರುತ್ತೆ ಅಂತ ಯಾರೂ ಸಾಬೀತು ಮಾಡಿಲ್ಲ. ನಿಮ್ಮ ಮಗನ ಮೈಯಲ್ಲೂ ನಿಮ್ಮದು ಇರಬಹುದು ಅಜ್ಜಿ” ಎಂದರು. ಆ ಮುದುಕಿ ವಾಪಸು ಬರುವಾಗ ಬಸ್ಸಿನಲ್ಲಿ ಹಾಸನದವರೆಗೂ ಮಾತಾಡಲಿಲ್ಲ.

ಅಲ್ಲಿಯ ಬೆಂಚಿನ ಮೇಲೆ ಪರಿಚಯವಾದವರು ರಾಯಚೂರು ಕಡೆಯ ತಾಯಿ ಮಗಳು. ಹುಡುಗಿಗೆ 13. ಅದೇ ಕಾಯಿಲೆ, ಬೆರಳ ತುದಿಯಲ್ಲಿ ಹುಣ್ಣು. ಎರಡು ವರ್ಷ ಮನೆಯಲ್ಲೇ ಎಣ್ಣೆ ಹಚ್ಚಿ ಮುಚ್ಚಿಟ್ಟಿದ್ದರಂತೆ. “ಹೆಣ್ಣು ಹುಡುಗಿ ನೋಡ್ರಿ ಅಕ್ಕಾರ. ದವಾಖಾನಿಗೆ ಹೋದ್ರ ಓಣಿಗೆಲ್ಲಾ ಗೊತ್ತಾಗ್ತದ. ನಾಳೆ ಯಾರು ಮಾಡ್ಕೋತಾರ್ರಿ?” ಸಾಲಿ ಬಿಡಿಸಿದ್ದರು. ಅವಳಪ್ಪ, ಇಷ್ಟು ದೂರದ ಖರ್ಚು ಯಾಕೆ ಎಂದವನು.

ನಮ್ಮ ಹುಡುಗ ಗಂಡೆಂದು ಡಾಕ್ಟರು ತಡ ಮಾಡಿದರು. ಆ ಹುಡುಗಿ ಹೆಣ್ಣೆಂದು ಮನೆಯವರು ತಡ ಮಾಡಿದರು. ಆದರೂ ಎರಡೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮವನಿಗೆ ಹೆಸರು ಗೊತ್ತಾದ ವಾರದಲ್ಲೇ ಭಾವ ಜಮೀನಿನ ಕಾಗದ ಹಿಡಿದು ಸಾಲಕ್ಕೆ ಹೊರಟಿದ್ದರು. ಅವಳಿಗೆ ಹೆಸರು ಗೊತ್ತಾಗುವುದೇ ಬೇಕಿರಲಿಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿಗಳ ಲೆಕ್ಕ ಹಾಕಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನೂರರಲ್ಲಿ ಹೆಂಗಸರು 37 ಮಾತ್ರ. ಊರು ದೂರವಾದಷ್ಟೂ ಇನ್ನೂ ಕಡಿಮೆ, ಚಿಕ್ಕ ಹುಡುಗಿಯರೂ ಮುದುಕಿಯರೂ ಎಲ್ಲರಿಗಿಂತ ಕಡಿಮೆ. ಹಾಗಾದರೆ ನಾಲ್ಕಕ್ಕೆ ಒಂದು ಎನ್ನುವ ಲೆಕ್ಕ ನಮ್ಮ ಬೆಂಚುಗಳ ಮೇಲೆ ಹೇಗೆ ಕಂಡೀತು? ಕಾಯಿಲೆ ಹುಡುಗಿಯರದು, ಚಿಕಿತ್ಸೆ ಹುಡುಗರದು.

ಇಬ್ಬರಿಗೂ ಕೊಟ್ಟದ್ದು ಸುಮಾರಾಗಿ ಒಂದೇ ಔಷಧಿ. ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ವಿಷ, ಅದಕ್ಕೆ ತಂಗಿ ಕ್ಯಾಲೆಂಡರಿನ ಭಾನುವಾರಗಳಿಗೆ ಕುಂಕುಮದ ಬೊಟ್ಟಿಟ್ಟಿದ್ದಾಳೆ. ಬೆರಳಿನ ರಕ್ತನಾಳ ಸಡಿಲಿಸಲು ಇನ್ನೊಂದು ಮಾತ್ರೆ. ತಣ್ಣೀರು ಕೂಡದು, ಫ್ರಿಜ್ಜಿಗೆ ಕೈ ಹಾಕಕೂಡದು. ದಿನಕ್ಕೆರಡು ಸಲ ಬಿಸಿ ಮೇಣದಲ್ಲಿ ಕೈ ಅದ್ದಿ ಬೆರಳು ಮಡಿಸುವ ಅಭ್ಯಾಸ. ಹುಡುಗಿಯ ತಾಯಿಗೆ ಮಾತ್ರ ಒಂದು ಮಾತು ಹೆಚ್ಚಿಗೆ ಹೇಳಿದರು: ಮುಂದೆ ಮದುವೆಯಾಗಿ ಮಗು ಬೇಕೆನ್ನುವಾಗ ಈ ಔಷಧಿಯನ್ನು ಮೊದಲೇ ನಿಲ್ಲಿಸಿ ಬೇರೆಯದು ಕೊಡಬೇಕಾಗುತ್ತದೆ, ಕೇಳದೆ ಏನೂ ಮಾಡಬೇಡಿ ಎಂದು. ಆ ತಾಯಿಯ ಕಿವಿಗೆ ಬಿದ್ದದ್ದು ‘ಮದುವೆಯಾಗಿ’ ಎಂಬುದೊಂದೇ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, “ಆಗ್ತದಂತ್ರೀ ಅಕ್ಕಾರ” ಎಂದು ಅತ್ತಳು.

ಎರಡು ವರ್ಷವಾಯಿತು. ಹುಡುಗನ ಚರ್ಮ ಮುಂಗೈಯಲ್ಲಿ ಕೊಂಚ ಸಡಿಲವಾಗಿದೆ, ಈಗ ಚಿವುಟಿದರೆ ಸಿಗುತ್ತದೆ. ಬೆರಳು ಪೂರ್ತಿ ಮಡಿಸಲಾರ. ಎಕೋದಲ್ಲಿ ಸಣ್ಣದೊಂದು ವ್ಯತ್ಯಾಸವಿದೆ, ಆರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಶಾಲೆಯಲ್ಲಿ ದಪ್ಪ ಪೆನ್ನು, ಪರೀಕ್ಷೆಗೆ ಹೆಚ್ಚು ಸಮಯ. ಕೈಗವಸು ಯಾಕೆಂದು ಕೇಳಿದವರಿಗೆ ಏನು ಹೇಳುತ್ತಾನೋ, ನಮಗೆ ಹೇಳುವುದಿಲ್ಲ. ಊದುವ ಪರೀಕ್ಷೆಯಲ್ಲಿ ಉಸಿರು ಎಳೆಯುವ ಉಪಾಯವನ್ನು ರಾಯಚೂರಿನ ಹುಡುಗಿ ಹೇಳಿಕೊಟ್ಟಳೆಂದು ಮಾತ್ರ ಒಮ್ಮೆ ಬಾಯಿಬಿಟ್ಟ.

ಕಳೆದ ಸಲ ಅವಳನ್ನು ಕರೆತಂದಿದ್ದು ಅಪ್ಪ. ಆ ಮನುಷ್ಯ ಬೆಂಚಿನ ತುದಿಯಲ್ಲಿ ಕುಳಿತು ಬಹಳ ಹೊತ್ತು ಹುಡುಗನ ಕೈಗವಸನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ಕೇಳಿದ, “ಇದು ಎಲ್ಲಿ ಸಿಗ್ತದ್ರಿ ಅಕ್ಕಾರ? ಹುಡುಗಿ ಅಳತಿದು?”